ಕ್ಯಾಸೆಟ್ಟಿನ ಉಳಿದ ಭಾಗ

ನೂರ್ಡ್‌ವೈಕ್
೧೪ ಮಾರ್ಚ್ ೧೯೯೮, ಶನಿವಾರ ಮಧ್ಯಾಹ್ನ

ಪ್ರೀತಿಯ ಕೇಶವಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಅಮ್ಮನ ಕ್ರಿಯೆಯ ದಿನಗಳಲ್ಲಿ ನೆಲದ ಮೇಲೆ ಕೂತು ಕೂತು ಹೆಚ್ಚಾಯಿತೆಂದು ಅತ್ತಿಗೆ ಬರೆದಿದ್ದರು. ಅವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಇವರಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿ. ನಾನು ಹೊತ್ತಿಗೆ ಸರಿಯಾಗಿ ಅಡುಗೆ ಮಾಡುತ್ತೇನೆ, ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ. ಅಮ್ಮ ಹೋಗಿ ಐದು ವಾರ ಆಗುತ್ತ ಬಂತು; ನಾನಿನ್ನೂ ಅತ್ತಿಲ್ಲ. ದೂರಿನಂತೆ ಹೇಳುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ. ಈ ದೇಶದಲ್ಲಿರುವ ಪರ್ಮಿಟ್ಟಿನ ನವೀಕರಣಕ್ಕೆ ಪಾಸ್‌ಪೋರ್ಟ್ ಕೊಟ್ಟಿದ್ದರಿಂದ ಆಗ ಊರಿಗೆ ಬರಲಾಗಲಿಲ್ಲ; ಅದು ಮೊನ್ನೆ ಕೈಗೆ ಬಂತು.

ಅಮ್ಮ ಜನವರಿಯಲ್ಲಿ ಮಾತಾಡಿ ನನಗೆ ಕಳಿಸಿದ ಕ್ಯಾಸೆಟ್ಟನ್ನು ಊರಿಗೆ ಕಳಿಸು, ಮಕ್ಕಳಿಗೆ ಅಜ್ಜಿಯ ಸ್ವರ ಕೇಳಿಸಬೇಕು, ನಮ್ಮಲ್ಲಿ ಅದು ಬೇರೆಲ್ಲೂ ಇಲ್ಲ ಎಂದು ಎರಡು ಪತ್ರಗಳಲ್ಲಿ ಕೇಳಿದ್ದೀಯ. ಉತ್ತರಿಸುವ ಮೊದಲು ನಮ್ಮ ಮೇಲಿನ ಮನೆಯ ನೆಸ್ಟಾ ಪ್ರೋಸರ್ ಅವರ ವಿಷಯ ಹೇಳಬೇಕು. ಎಪ್ಪತ್ತು ದಾಟಿದವರು, ಮಗಳ ಜೊತೆ ಇರಲು ಬ್ರಿಟನ್ನಿನ ವೇಲ್ಸಿನಿಂದ ಬಂದಿದ್ದಾರೆ. ಅಲ್ಲಿ ವೆಲ್ಷ್ ಭಾಷೆಯ ರೇಡಿಯೋದಲ್ಲಿ, ಆಮೇಲೆ ಟಿವಿಯಲ್ಲಿ, ಒಟ್ಟು ಮೂವತ್ತಾರು ವರ್ಷ ಕಾರ್ಯಕ್ರಮ ನಡೆಸಿಕೊಟ್ಟವರು. ನಮ್ಮ ಕಡೆ ತುಳು ಇದ್ದ ಹಾಗೆ ಆ ಭಾಷೆ. ಮನೆಯಲ್ಲಿ ಅದು, ಕಚೇರಿಯಲ್ಲಿ ಇಂಗ್ಲಿಷು. ಶುರುವಿನಲ್ಲಿ ಮಕ್ಕಳ ಕಾರ್ಯಕ್ರಮ. ಮೈಕಿನ ಎದುರು ಓದಿ ಮುಗಿದ ಹಾಳೆಯನ್ನು ಸದ್ದಾಗದಂತೆ ಪಕ್ಕಕ್ಕೆ ಜಾರಿಸಲು ಕಲಿಯುವುದಕ್ಕೇ ಆರು ತಿಂಗಳು ಹಿಡಿಯಿತಂತೆ. ನಂತರ ಹಳ್ಳಿಗಳಿಗೆ ಹೋಗಿ ಮುದುಕರನ್ನು ಮಾತಾಡಿಸುವ ಕೆಲಸ. ಮೈಕ್ ನೋಡಿ ಹೆದರಿದವರ ಹತ್ತಿರ ಮೊದಲು ಕುರಿಗಳ ಆರೋಗ್ಯ ವಿಚಾರಿಸುತ್ತಿದ್ದರಂತೆ. ನಿವೃತ್ತಿಯ ದಿನ ಗಡಿಯಾರ ಕೊಟ್ಟರು. "ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚಿದ್ದಕ್ಕೆ ಬಹುಮಾನ" ಎಂದು ಅದನ್ನು ನನಗೆ ತೋರಿಸಿದರು.

ಅವರ ಮೊದಲ ಹದಿನೈದು ವರ್ಷಗಳ ಕಾರ್ಯಕ್ರಮಗಳಲ್ಲಿ ಒಂದೂ ಉಳಿದಿಲ್ಲ. ಟೇಪು ತುಟ್ಟಿಯಾಗಿದ್ದ ಕಾಲ. ಪ್ರಸಾರವಾದ ಮೇಲೆ ಅಳಿಸಿ ಮತ್ತೆ ಬಳಸುತ್ತಿದ್ದರು. ಒಮ್ಮೆ ರೇಡಿಯೋಕ್ಕಾಗಿ ತಮ್ಮ ತಾಯಿಯನ್ನೇ ಮಾತಾಡಿಸಿದ್ದರಂತೆ. ವಾರದೊಳಗೆ ಅದರ ಮೇಲೆ ಫುಟ್‌ಬಾಲ್ ಪಂದ್ಯದ ವರದಿ ಬಂತು. ಅಳಿಸಬಹುದು ಎಂಬ ಚೀಟಿಗೆ ಸಹಿ ಹಾಕಿದ್ದು ಅವರೇ. "ನನ್ನ ಕೆಲಸ ಗುರುವಾರ ಮುಗಿಯಿತು, ಶುಕ್ರವಾರದವರಿಗೆ ಟೇಪು ಬೇಕಿತ್ತು" ಎಂದರು. ತಾಯಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಒಬ್ಬ ರೈತ, ತನ್ನ ರೇಡಿಯೋದ ಎದುರು ರೆಕಾರ್ಡರ್ ಇಟ್ಟು ಹಿಡಿದುಕೊಂಡಿದ್ದ ನಾಲ್ಕು ನಿಮಿಷವನ್ನು ಕಳಿಸಿಕೊಟ್ಟನಂತೆ. ಮೊದಲಿನದ್ದು ಇಲ್ಲ, ಉದ್ದಕ್ಕೂ ಅವನ ನಾಯಿ ಬೊಗಳುತ್ತದೆ, ಅದರ ಹಿಂದೆ ತಾಯಿ ನಗುತ್ತಾರೆ. ನನಗೂ ಕೇಳಿಸಿದರು. ಆಗ ನನ್ನ ಕ್ಯಾಸೆಟ್ಟಿನ ವಿಷಯ ಅವರಿಗೆ ಹೇಳಿದೆ. ನಿನಗಿಂತ ಮೊದಲು ಅವರಿಗೆ ಹೇಳಿದ್ದನ್ನು ಕ್ಷಮಿಸು.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಹಿತಾ, ಅವಿನ್ ಚೆನ್ನಾಗಿ ಓದಲಿ. ನೀನು ಭಾರ ಎತ್ತಬೇಡ.

ನಿನ್ನ ತಂಗಿ,
ವತ್ಸಲಾ

ವಿ.ಸೂ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನಾಲ್ಕು ವರ್ಷದಿಂದ ಅಮ್ಮನಿಗೂ ನನಗೂ ಒಂದೇ ಕ್ಯಾಸೆಟ್. ಅವಳು ಮಾತಾಡಿ ಕಳಿಸುವುದು, ನಾನು ಕೇಳಿ ಅದರ ಮೇಲೆಯೇ ಉತ್ತರ ಹೇಳಿ ಕಳಿಸುವುದು. "ಇನ್ನೊಂದು ಎಂತಕ್ಕೆ ಮಾರಾಯ್ತಿ, ಇದೇ ಗಟ್ಟಿ ಉಂಟಲ್ಲ" ಅನ್ನುತ್ತಿದ್ದಳು. ಜನವರಿಯದ್ದನ್ನು ಸಾರು ಕುದಿಯುವಾಗ ಒಂದೇ ಸಲ ಕೇಳಿದೆ, ಗಮನವಿಟ್ಟೂ ಕೇಳಲಿಲ್ಲ. ಮುಂದಿನ ತಿಂಗಳು ಮತ್ತೆ ಮಾತಾಡುತ್ತಾಳಲ್ಲ. ಫೆಬ್ರವರಿ ಎಂಟರ ಭಾನುವಾರ ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ, ಅವಳ ಮಾತಿನ ಮೇಲೆಯೇ ಉತ್ತರ ಹೇಳತೊಡಗಿದೆ. ಹನ್ನೊಂದು ನಿಮಿಷ: ಇಲ್ಲಿನ ಗಾಳಿ, ಒಳ್ಳೆಯ ತೆಂಗಿನಕಾಯಿ ಸಿಗದ್ದು. ಬಾಗಿಲ ಬೆಲ್ ಆಯಿತು, ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ನಿನ್ನ ಫೋನ್ ಬಂತು. ಆ ಹನ್ನೊಂದು ನಿಮಿಷದಲ್ಲಿ ಅಮ್ಮ ಇಲ್ಲ. ಆಮೇಲಿನದ್ದು ಇದೆ, ಎಷ್ಟಿದೆಯೆಂದು ನಾನು ಕೇಳಿ ನೋಡಿಲ್ಲ. ಕ್ಯಾಸೆಟ್ಟಿನ ಬೆನ್ನಿಗಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ನೆಸ್ಟಾ ತಲೆಪಿನ್ನಿನಿಂದ ಮುರಿದುಕೊಟ್ಟರು. ಇನ್ನು ಅದರ ಮೇಲೆ ಯಾರೂ ಮಾತಾಡಲಾಗುವುದಿಲ್ಲ. ಅಂಚೆಯಲ್ಲಿ ಕಳಿಸುವುದಿಲ್ಲ. ಮೇ ತಿಂಗಳಲ್ಲಿ ನಾನೇ ತರುತ್ತೇನೆ, ಎಲ್ಲರೂ ಕೂತು ಕೇಳೋಣ. ಮೊದಲು ನನ್ನ ಹನ್ನೊಂದು ನಿಮಿಷ ಬರುತ್ತದೆ, ಮುಂದಕ್ಕೆ ಓಡಿಸಬೇಡ. ಇವರಿಗೆ ಇನ್ನೂ ಹೇಳಿಲ್ಲ, ಟಿಕೆಟ್ ಮಾಡಿಸಿಲ್ಲ.