ನಡೆದು ಹೋಗುವಷ್ಟು ಹತ್ತಿರದ ಶಾಲೆ

ಇವಳೇ,

ಮಗನಿಗೆ ಮತ್ತೆ ದೇಶ ಬದಲಿಸುವ ಯೋಗ ಬಂದಿದೆ. ಪೆಟ್ಟಿಗೆ ಕಟ್ಟುವುದನ್ನು ನೆನೆದರೇ ನನಗೆ ಸುಸ್ತು. ಕಂಪನಿಯವರು ಎರಡು ಊರು ಮುಂದಿಟ್ಟು, ಬೇಕಾದ್ದು ಆರಿಸಿಕೋ ಎಂದಿದ್ದಾರೆ. ನಿನ್ನೆ ಊಟದ ಮೇಜಿನಲ್ಲಿ ಮಗ, ಸೊಸೆ ಕೂತು ಎರಡೂ ಊರಿನ ಇಂಟರ್‌ನ್ಯಾಷನಲ್ ಶಾಲೆಗಳ ಜಾತಕ ಜಾಲಾಡಿದರು. ಒಂದರಲ್ಲಿ ಈಜುಕೊಳವಿದೆ, ಆದರೆ ಬಸ್ಸಿನಲ್ಲಿ ಗಂಟೆಗಟ್ಟಲೆ ದಾರಿ. ಇನ್ನೊಂದಕ್ಕೆ ಆಟದ ಬಯಲಿಲ್ಲ, ಮನೆಯಿಂದ ನಡೆದೇ ಹೋಗಬಹುದು. ನಾನೂ ಕಾಲೇಜಿನ ಇಂಗ್ಲಿಷು ತೆಗೆದು ‘ಆನ್ ದ ಒನ್ ಹ್ಯಾಂಡ್’ ಎಂದು ಶುರುಮಾಡಿದೆ. ಮುಂದಿನದು ನೆನಪಾಗಲಿಲ್ಲ.

“ಇನ್ನೊಂದು ಕೈ ಎಲ್ಲಿ ಹೋಯ್ತು ತಾತಾ?” ಎಂದು ಮೊಮ್ಮಗಳು ನಕ್ಕು ತೋಳಿಗೆ ಜೋತುಬಿದ್ದಳು.

“ನಡೆದು ಹೋಗೋದೇ ಸರಿ. ಕರ್ಕೊಂಡು ಬರೋಕೆ ಮಾವ ಇದ್ದಾರಲ್ಲ,” ಎಂದಳು ಸೊಸೆ.

“ನೀವೇನಂತೀರಪ್ಪಾ?” ಮಗ ಕೇಳಿದ.

ನಾನು ಈ ಊರಲ್ಲೇ ಇರ್ತೀನಿ ಕಣೋ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. “ಶಾಲೆ ಹತ್ತಿರ ಇದ್ರೆ ಒಳ್ಳೇದಪ್ಪ,” ಎಂದುಬಿಟ್ಟೆ.

ಇವತ್ತು ಬೆಳಿಗ್ಗೆ ಸ್ಮಶಾನಕ್ಕೆ ಬಂದಾಗಲೇ ನಿನಗಿದನ್ನು ಹೇಳಬೇಕಿತ್ತು. ನಿನ್ನ ಕಲ್ಲಿನ ಸುತ್ತ ಬೆಳೆದಿದ್ದ ಹುಲ್ಲನ್ನು ಈ ಸಲ ಬೇರುಸಮೇತ ಕಿತ್ತು ಬಂದೆ.