ಅಪ್ಪ ಸರಿಸಿದ ತಟ್ಟೆ

೧೪ ಸೆಪ್ಟೆಂಬರ್, ಭಾನುವಾರ

ಮುದ್ದು ಪಾಪಚ್ಚಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಇಷ್ಟು ದಿನ ಬರೆಯದೆ ಇದ್ದದ್ದು ಬಿಡುವಿಲ್ಲದೆ ಅಲ್ಲ, ಮುಖವಿಲ್ಲದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನ್ನ ಬಾಯಿ ಗೊತ್ತಲ್ಲ, ಏನಾದರೊಂದು ಎಡವಟ್ಟು ಆಡಿಬಿಡುತ್ತೇನೆ. ಕಾಗದದಲ್ಲಾದರೆ ಹೊಡೆದುಹಾಕಬಹುದು.

ಮೊದಲು ಸುದ್ದಿ ಹೇಳುತ್ತೇನೆ, ಗಾಬರಿಯಾಗಬೇಡ. ನನ್ನ ಗುಲ್ಮ, ಅದೇ ಸ್ಪ್ಲೀನ್ ಅನ್ನುತ್ತಾರಲ್ಲ, ಅದು ಊದಿದೆಯಂತೆ. ಎಡಗಡೆ ಪಕ್ಕೆಲುಬಿನ ಹಿಂದೆ ಮುಷ್ಟಿಯಷ್ಟಿರಬೇಕಾದದ್ದು ಬೆಳೆದು ಬೆಳೆದು ಜಠರವನ್ನು ಒತ್ತುತ್ತಿದೆ. ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿದ್ದದ್ದು, ತಿಂದದ್ದು ಹುಳಿಯಾಗಿ ಗಂಟಲಿಗೆ ಬರುತ್ತಿದ್ದದ್ದು ಅದಕ್ಕೇ. ಏಕೆ ಊದಿತೆಂದು ತಿಳಿಯಲು ರಕ್ತ ತೆಗೆದುಕೊಂಡಿದ್ದಾರೆ.

ನನ್ನ ಬುದ್ಧಿವಂತಿಕೆ ಕೇಳು. ಬೇಸಿಗೆಯಿಂದಲೂ ಪ್ಯಾಂಟು ಬಿಗಿಯಾಗುತ್ತಿತ್ತು, ಕೆನ್ನೆ ಮಾತ್ರ ಒಳಕ್ಕೆ ಹೋಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆಸ್ಪತ್ರೆಗೆ ಓಡುತ್ತಿದ್ದರು. ನಾನು ದರ್ಜಿ ನೋಡು, ಸೊಂಟದ ಹೊಲಿಗೆ ಬಿಚ್ಚಿ ಬಿಚ್ಚಿ ಅಗಲ ಮಾಡಿಕೊಂಡೆ. ಬಿಚ್ಚಲು ಬಟ್ಟೆ ಉಳಿಯದಾದಾಗ ದಪ್ಪ ಕ್ಯಾನ್ವಾಸಿನ ಪಟ್ಟಿಯೊಂದನ್ನು ಹೊಲಿದು ಹೊಟ್ಟೆಗೆ ಬಿಗಿದೆ. "ಏನ್ರೀ ಇದು, ಈ ವಯಸ್ಸಲ್ಲಿ ಹೆಣ್ಣು ನೋಡೋಕೆ ಹೊರಟ್ರಾ?" ಎಂದು ನಿಮ್ಮಮ್ಮ ನಕ್ಕಳು. ನಿನ್ನ ಊಟದ ಅಂಗಡಿ ತೆರೆದ ದಿನವೂ ಶರಟಿನೊಳಗೆ ಅದನ್ನೇ ಕಟ್ಟಿಕೊಂಡು ಬಂದಿದ್ದೆ. ಡಾಕ್ಟರಮ್ಮ ಅದನ್ನು ಬಿಚ್ಚಿಸಿ, "ಒಳಗಿಂದ ಅದು ಒತ್ತುತ್ತಾ ಇದೆ, ಹೊರಗಿಂದ ನೀವು. ಮಧ್ಯೆ ಸಿಕ್ಕಿರೋ ಹೊಟ್ಟೆ ಏನ್ ಮಾಡ್ಬೇಕು ಹೇಳಿ?" ಎಂದು ಚೆನ್ನಾಗಿ ಬೈದರು. ಊರವರ ಹೊಲಿಗೆಗೆಲ್ಲ ಹೆಸರಿಟ್ಟು ಕತ್ತರಿಬಾಯಿ ಎನಿಸಿಕೊಂಡವನಿಗೆ ಬೈಯಲು ಒಬ್ಬರು ಸಿಕ್ಕರಲ್ಲ ಎಂದು ನಿಮ್ಮಮ್ಮನಿಗೆ ಒಳಗೊಳಗೇ ಖುಷಿ.

ಈಗ ತಟ್ಟೆ ತುಂಬ ಊಟ ಬಂದ್. ಮೆತ್ತಗೆ ಬೇಯಿಸಿದ್ದನ್ನು ಪುಟ್ಟ ಬಟ್ಟಲಲ್ಲಿ ಆಗಾಗ ತಿನ್ನಬೇಕು. ಖಾರ ಬೇಡ, ಎಣ್ಣೆ ಬೇಡ, ತಿಂದ ಕೂಡಲೇ ಮಲಗುವುದು ಬೇಡ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಿದ್ದೇವೆ. ಬೆಳಗಾಗುವಷ್ಟರಲ್ಲಿ ನಾನು ಕಾಲ್ದೆಸೆಗೆ ಜಾರಿ ಮುದುರಿಕೊಂಡಿರುತ್ತೇನೆ. ಭಾರ ಎತ್ತಬಾರದು, ಹೊಟ್ಟೆಗೆ ಪೆಟ್ಟು ಬೀಳಬಾರದು. ಹಾಗಾಗಿ ಬಟ್ಟೆಯ ಥಾನುಗಳನ್ನು ನಿಮ್ಮಮ್ಮನೇ ಇಳಿಸಿಕೊಡುತ್ತಾಳೆ. ನಿನ್ನೆ ಅರ್ಧ ಬಾಳೆಹಣ್ಣು ತಿಂದೆ. ಅದು ಮೇಲೆ ಬರಲಿಲ್ಲವೆಂದು ಇಬ್ಬರೂ ಸಂಭ್ರಮಪಟ್ಟೆವು.

ಇನ್ನು ನಿನ್ನ ಅಂಗಡಿ ತೆರೆದ ಆ ದಿನದ ಮಾತು. ಮೊದಲ ತಟ್ಟೆ ಅಪ್ಪನಿಗೇ ಎಂದು ಎಲ್ಲರೆದುರು ನನ್ನನ್ನು ನಡುವಿನ ಮೇಜಿಗೆ ಕೂರಿಸಿದೆ. ನಾನು ಎರಡು ತುತ್ತು ತಿಂದು, ತಟ್ಟೆ ಸರಿಸಿ, ಎದ್ದುಬಿಟ್ಟೆ. "ಕತ್ತರಿಬಾಯಿ ಯಜಮಾನ್ರೇ ಬಿಟ್ಟೆದ್ರು ಅಂದ್ರೆ ಅಡುಗೆ ಹೆಂಗಿರ್ಬೇಕು!" ಎಂದು ಕ್ಷೌರದಂಗಡಿಯವನು ಅಂದದ್ದು, ಜನ ನಕ್ಕದ್ದು, ಸೌಟು ಹಿಡಿದ ನಿನ್ನ ಕೈ ಅಲ್ಲೇ ನಿಂತದ್ದು, ಎಲ್ಲ ನನಗೆ ಕಂಡಿತು ಮಗಳೇ. ಗಡ್ಡ ಬೋಳಿಸಿಕೊಳ್ಳಲು ಬಂದವರಿಗೆಲ್ಲ ಅವನು ಅದನ್ನೇ ಹಂಚಿದ. ಬರುವವರು ಕಡಿಮೆಯಾದರು. ನೀನು ಅಂಗಡಿಗೆ ಬೀಗ ಹಾಕಿ ಬೇರೆಯವರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದೆಯೆಂದು ತಿಳಿದ ಮೇಲೆ ನಿಮ್ಮಮ್ಮ ನನ್ನೊಡನೆ ಮಾತು ಬಿಟ್ಟಳು. ಕಾಯಿಲೆ ಗೊತ್ತಾದ ದಿನ ಮಾತ್ರ ಅತ್ತು, "ಬೇಕಂತ ಬಿಟ್ಟಿದ್ದಲ್ಲ ಅಂತ ಅವಳಿಗೆ ಬರೀರಿ. ಕರಗ್ತಾಳೆ" ಎಂದಳು. ಕೂತು ಬರೆದಿದ್ದೇನೆ.

ಮೈ ನೋಡಿಕೋ. ನಾಲ್ಕು ಜನಕ್ಕೆ ಬಡಿಸುವ ಗಡಿಬಿಡಿಯಲ್ಲಿ ನಿನ್ನ ಊಟ ಮರೆಯಬೇಡ. ಹಿಡಿದ ಕೆಲಸ ನಿನ್ನ ಕೈಹಿಡಿಯಲಿ, ಸುಖವಾಗಿರು.

ಇಂತಿ,
ನಿನ್ನ ಅಪ್ಪ

ತಾ.ಕ.: ಮೇಲಿನದನ್ನೆಲ್ಲ ನಿಮ್ಮಮ್ಮ ಓದಿ ಸರಿ ಎಂದಿದ್ದಾಳೆ. ಇದನ್ನು ಅವಳಿಗೆ ತೋರಿಸುವುದಿಲ್ಲ. ಹೊಟ್ಟೆ ತಡೆದದ್ದು ನಿಜ ಪಾಪಚ್ಚಿ, ಆದರೆ ಬಾಯಿಗೇನೂ ಅಡ್ಡಿಯಿರಲಿಲ್ಲ. ಆ ಎರಡು ತುತ್ತಿನಷ್ಟು ರುಚಿಯಾದದ್ದನ್ನು ನಾನು ಎಲ್ಲೂ ಉಂಡಿಲ್ಲ. "ಅಡುಗೆ ಚೆನ್ನಾಗಿದೆ, ನನಗೇ ಆರಾಮಿಲ್ಲ" ಎಂದು ಆ ಕ್ಷೌರದಂಗಡಿಯವನ ಮುಖದ ಮೇಲೆ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಪಕ್ಕದ ಹೊಲಿಗೆ ಮೆಷಿನ್ನು ಬಿಟ್ಟು ನೀನು ಒಲೆ ಹಿಡಿದದ್ದು ನನಗೆ ಸೇರಿರಲಿಲ್ಲ. ಅಂಗಡಿ ನಡೆಯದಿದ್ದರೆ ಮತ್ತೆ ಬಂದು ಪಕ್ಕದಲ್ಲಿ ಕೂರುತ್ತಾಳೆ ಎಂದುಕೊಂಡು ಸುಮ್ಮನಾದೆ. ಅಂಗಡಿ ಮುಚ್ಚಿತು. ನೀನು ಬರಲಿಲ್ಲ.