ಮೇಷ್ಟ್ರ ಎದುರು ಒಂದು ಪ್ಲೇಟ್ ಸೋಬಾ

೧೬ ನವೆಂಬರ್ ೨೦೨೫, ಭಾನುವಾರ, ಕುಶಾಲನಗರ

ಬೆಳಗ್ಗೆ ಶಶಿ ಫೋನಿನಲ್ಲಿ ಆಡಿದ ಮಾತು ಇನ್ನೂ ಕಿವಿಯಲ್ಲೇ ಕೂತಿದೆ. "ರಂಜಿತಾ, ಇವತ್ತೊಂದಿನ ಬಂದು ಹಿಟ್ಟು ನಾದ್ಕೊಡು. ಜಪಾನಿಂದ ಮೇಷ್ಟ್ರು ಬಂದವ್ರೆ. ನೀನು ಒಳಗಡೆನೇ ಇರು, ಅವರಿಗೆ ಕಾಣಿಸ್ಕೋಬೇಡ."

ಕಾಣಿಸಿಕೊಳ್ಳಬಾರದಂತೆ! ಬಕ್‌ವೀಟ್ ಹಿಟ್ಟಿನ ಸೋಬಾ ನೂಡಲ್ಸ್ ಮಾಡುವುದನ್ನು ನಾವಿಬ್ಬರೂ ಜಪಾನಿನಲ್ಲಿ ಅದೇ ಮೇಷ್ಟ್ರ ಹತ್ತಿರ ಕಲಿತೆವು. ಇಬ್ಬರೂ ಸೇರಿಯೇ ಇಲ್ಲಿ ಹೋಟೆಲ್ ತೆರೆದೆವು. ಡೈವೋರ್ಸ್ ಆದ ಮೇಲೆ ಅವನು ಬಾಗಿಲಿಗೆ ಬೇರೆ ಬೀಗ ಹಾಕಿದ. ಎಲ್ಲ ತಾನೊಬ್ಬನೇ ಕಟ್ಟಿದ್ದು ಎಂದು ಪೇಪರಿನವರಿಗೆ ಹೇಳಿದ.

"ಬರ್ತೀನಿ" ಎಂದೆ. ಹೋದೆ, ಆದರೆ ಅಡುಗೆಮನೆಗಲ್ಲ. ಒಳ್ಳೆಯ ಸೀರೆ ಉಟ್ಟು ಮೇಷ್ಟ್ರ ಎದುರಿನ ಕುರ್ಚಿಯಲ್ಲಿ ಗಿರಾಕಿಯಾಗಿ ಕೂತೆ. ಮುದುಕರಿಗೆ ಎಷ್ಟು ಖುಷಿ! ಗಾಜಿನಾಚೆ ಹಿಟ್ಟು ಕಲಸುತ್ತಿದ್ದ ಶಶಿ ನನ್ನನ್ನು ಕಂಡು ಬಿಳಿಚಿಕೊಂಡ. ಅವನು ತಂದಿಟ್ಟ ನೂಡಲ್ಸ್ ತಿನ್ನುವ ಕಡ್ಡಿಗೆ ಸಿಗದೆ ತುಂಡು ತುಂಡಾಗಿ ಉದುರಿತು.

"ನೀನೇಕೆ ಒಳಗಿಲ್ಲ?" ಎಂದು ಮೇಷ್ಟ್ರು ಜಪಾನಿಯಲ್ಲಿ ಕೇಳಿದರು.

"ಇದೆಲ್ಲ ತಾನೊಬ್ಬನೇ ಕಟ್ಟಿದ್ದು ಅಂತ ಊರಿಗೆಲ್ಲ ಹೇಳಿದ್ದಾನೆ. ನೋಡೋಣ ಅಂತ ಬಂದೆ." ಶಶಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ.

ಮೇಷ್ಟ್ರು ಎದ್ದರು. ನಮ್ಮಿಬ್ಬರನ್ನೂ ಶಿಷ್ಯರೆಂದು ಒಪ್ಪಿ, ತಾವೇ ಹೋಟೆಲಿನ ಹೆಸರು ಬರೆದು ಕೊಟ್ಟಿದ್ದ ಬಾಗಿಲ ಪರದೆಯನ್ನು ಇಳಿಸಿ, ಮಡಚಿ, ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಶಶಿ ನನ್ನ ಮೇಜಿನ ಹತ್ತಿರ ಬಂದ. "ಈಗ ಹೊಟ್ಟೆ ತಣ್ಣಗಾಯ್ತಾ ನಿಂಗೆ?"

"ಇನ್ನೂ ಇಲ್ಲ. ಇನ್ನೊಂದು ಪ್ಲೇಟ್ ತಗೊಂಬಾ."

ತಂದ. ಅವನು ನಿಂತು ನೋಡುತ್ತಿರುವಾಗಲೇ ನಿಧಾನವಾಗಿ ತಿಂದೆ. ರುಚಿಯೇ ಇರಲಿಲ್ಲ. ಒಂದು ತುಣುಕೂ ಬಿಡಲಿಲ್ಲ.